ಒಳಗಿನ ಕೋಣೆ, ಕಿಟಕಿ ಇಲ್ಲ

ಹಡಗು ಶುಕ್ರವಾರ, ಮದರಾಸಿನಿಂದ. ಇವತ್ತು ಮಂಗಳವಾರ.
ಆನಂದರಾವ್ ಸರ್ಕಲ್ಲಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲೆ
ತೌಸೀಫನ ಟ್ರಾವೆಲ್ಸು. ಫ್ಯಾನು ಈ ಕಡೆ ತಿರುಗಿದಾಗಲೆಲ್ಲ
ಗೋಡೆಯ ಸಮುದ್ರ ಒಂದು ಮೂಲೆಯಲ್ಲಿ ಏಳುತ್ತದೆ,
ಟೇಪು ಬಿಟ್ಟುಹೋಗಿದೆ.

ಡ್ಯೂಟಿ ಮುಗಿಸಿ ಹಾಗೇ ಬಂದಿದ್ದೇವೆ,
ನಾನು, ಫಿಲೋಮಿನಾ. ಖಾಕಿ ಹೆಗಲ ಮೇಲೆ
ಚೀಲದ ಪಟ್ಟಿ ಕೂತ ಗೆರೆ ಇನ್ನೂ ಹೋಗಿಲ್ಲ.
ನನ್ನ ರಜೆ ಮಂಜೂರಾದದ್ದೇ ನಿನ್ನೆ.
ಮೂವತ್ತೊಂದಕ್ಕೆ ಅವಳ ಸರ್ವೀಸು ಕೊನೆ.
"ಇಪ್ಪತ್ತಾರು ವರ್ಷ ನಿಂತೇ ಹೋಗಿದ್ದೀನಿ ಕಣೆ.
ಒಂದ್ಸಲ ಕೂತು ಹೋಗಬೇಕು,
ನಿಲ್ಸಿ ನಿಲ್ಸಿ ಅಂತ ಯಾರೂ ಕೂಗದ ಗಾಡೀಲಿ."

"ಖಾಲಿ ಉಳಿದ ಕೋಣೆ ಅಕ್ಕಾ," ಅಂದ ತೌಸೀಫ,
"ಹೋದ ವಾರ ಮೂವತ್ತೆರಡು ಸಾವಿರ, ಇವತ್ತು ಹನ್ನೊಂದು.
ನಾಳೆ ಇನ್ನೂ ಇಳೀಬಹುದು, ಇಲ್ಲಾ ಏರಬಹುದು,
ಇಲ್ಲಾ ಇಲ್ಲದೇನೇ ಹೋಗಬಹುದು."
ನಮಗೆ ಇದು ಹೊಸದು. ನಮ್ಮ ಗಾಡಿ ಖಾಲಿ ಹೊರಟರೂ
ಮೆಜೆಸ್ಟಿಕ್ಕಿಂದ ಬನಶಂಕರಿಗೆ ಸ್ಟೇಜು ಸ್ಟೇಜೇ.
ಕೊನೆ ಗಳಿಗೆಯಲ್ಲಿ ಓಡಿಬಂದು ಕಂಬಿ ಹಿಡಿದವನಿಗೆ
ಬೈಗುಳ ಸಿಗುತ್ತದೆ, ರಿಯಾಯಿತಿಯಲ್ಲ.

ಹನ್ನೊಂದು ಅಂದರೆ ಹನ್ನೊಂದಲ್ಲ.
ಬಂದರಿನ ತೆರಿಗೆ. ತಲೆಗಿಷ್ಟು ಭಕ್ಷೀಸು,
ಕೊಡುವ ಮನಸ್ಸು ಬರುವ ಮೊದಲೇ ಕಿತ್ತುಕೊಂಡ ಭಕ್ಷೀಸು.
ಹಣ್ಣಿನ ರಸಕ್ಕೊಂದು ಪ್ಯಾಕೇಜು,
ರಸ ಹುಳಿತದ್ದಕ್ಕೆ ಇನ್ನೊಂದು.
ವೈಫೈ, ಒಂದು ಫೋನಿಗೆ, ಎರಡು ಫೋನಿಗೆ.
ದಡದಲ್ಲಿ ಇಳಿಸಿ, ಬಸ್ಸಿಗೆ ಹತ್ತಿಸಿ,
ಊರು ತೋರಿಸುವುದಕ್ಕೆ ಮೂರೂವರೆ ಸಾವಿರ.
"ಬಸ್ಸಲ್ಲಾ?" ಅಂದಳು ಫಿಲೋಮಿನಾ.
ನಕ್ಕು ನಕ್ಕು ಕಣ್ಣಲ್ಲಿ ನೀರು. ತೌಸೀಫ ಗಾಬರಿಯಾಗಿ
ಟೀ ತರಿಸಿದ.

"ಕಿಟಕಿ ಇರೋ ಕೋಣೆ ಏಳು ಸಾವಿರ ಜಾಸ್ತಿ.
ಬಾಲ್ಕನಿ ಕೇಳಲೇಬೇಡಿ."

ಕಿಟಕಿಗೆ ದುಡ್ಡು.
ನನ್ನೊಳಗೆ ಯಾರೋ ಬ್ರೇಕು ಒತ್ತಿದರು.
ಎಷ್ಟು ಜಗಳ ಬಿಡಿಸಿದ್ದೇನೆ ಕಿಟಕಿಗಾಗಿ!
ಕರ್ಚೀಫು ಎಸೆದವರು, ಕೊಡೆ ತೂರಿಸಿದವರು,
ಗೌರಿಹಬ್ಬದ ಹಿಂದಿನ ದಿನ, ಮಾರ್ಕೆಟ್ಟಿನಲ್ಲಿ,
ಕಿಟಕಿಯಿಂದ ಮಗುವನ್ನೇ ಒಳಗಿಳಿಸಿ
ಸೀಟು ಹಿಡಿದ ತಾಯಿ.
ಈಗ ಹೆಂಗಸರಿಗೆ ನಾನು ಹರಿದುಕೊಡುವ ಚೀಟಿಯಲ್ಲಿ
ಅಚ್ಚಾಗಿರುವುದು ಸೊನ್ನೆ.
ಆ ಸೊನ್ನೆಯನ್ನು ಮಡಿಸಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡು
ಆರ್.ವಿ. ರಸ್ತೆ ಪೂರ್ತಿ ನೋಡುತ್ತಾರೆ,
ಮೆಟ್ರೋ ಕಂಬ, ಬಾಳೆಕಂದು, ಯಾರದೋ ಕೈಕೈ ಮಿಲಾವಣೆ,
ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಯಲ್ಲಿ
ತನ್ನನ್ನೇ ನೋಡುತ್ತಿರುವ ಇನ್ನೊಬ್ಬಳನ್ನು.
ನೋಡಿದ್ದಕ್ಕೆ ಎಷ್ಟಾಯಿತು ಅಂತ
ನಾನು ಯಾರನ್ನೂ ಕೇಳಿಲ್ಲ.

ಫಿಲೋಮಿನಾ ತುರುಬಿನಿಂದ ಪೆನ್ನು ಎಳೆದಳು.
ಕೂಡಿಸಿದಳು, ದಶಕ ಏರುವಲ್ಲೆಲ್ಲ ನಾಲಿಗೆ ಕಚ್ಚಿ.
ಹನ್ನೊಂದು ಇಪ್ಪತ್ತೊಂಬತ್ತಾಗಿತ್ತು.
ಆಮೇಲೆ ಒಂದೊಂದಕ್ಕೇ ಗೀಟು,
ಇಳಿಯುವವರಿಲ್ಲದ ಸ್ಟಾಪು ದಾಟಿಸಿದ ಹಾಗೆ:
ರಸ, ಫೋನು, ಊರು ತೋರಿಸೋ ಬಸ್ಸು,
ಸ್ವಲ್ಪ ತಡೆದು, ಕಿಟಕಿ.
ಭಕ್ಷೀಸಿನ ಮೇಲೆ ಪೆನ್ನು ನಿಂತಿತು.
"ಇದಿರಲಿ," ಅಂದಳು, "ಅವರೂ ನಿಂತೇ ಕೆಲಸ ಮಾಡೋರು."

"ಒಂದು ಮಾತು ತಮ್ಮಾ," ನಾನು ಕೇಳಿದೆ,
"ಮೇಲಕ್ಕೆ ಹೋಗಿ, ಕಂಬಿ ಹಿಡಕೊಂಡು,
ಸುಮ್ಮನೆ ನೀರು ನೋಡೋದಕ್ಕೆ ಎಷ್ಟು?"
ತೌಸೀಫ ಪಟ್ಟಿಯಲ್ಲಿ ಹುಡುಕಿದ. ಎರಡನೇ ಪುಟಕ್ಕೂ ಹೋದ.
ತಳದ ಸಣ್ಣಕ್ಷರ ಓದಿದ, ತುಟಿ ಆಡಿಸುತ್ತ.
"ಅದಕ್ಕೇನೂ ಹಾಕಿಲ್ಲ ಅಕ್ಕಾ."
"ನೋಡಿದ್ಯಾ," ಫಿಲೋಮಿನಾ ನನ್ನ ತೊಡೆಗೆ ಚಿವುಟಿದಳು,
"ಮತ್ತೆ ನಿಂತೇ ಹೋಗೋದಾಯ್ತು."

ಇಬ್ಬರಿಗೆ ಇಪ್ಪತ್ತಾರು ಸಾವಿರದ ಒಂಬೈನೂರ ಇಪ್ಪತ್ತು.
ಇಪ್ಪತ್ತೇಳು ಎಣಿಸಿ ಕೊಟ್ಟೆವು, ಬೆರಳಿಗೆ ಎಂಜಲು ಹಚ್ಚಿ.
ತೌಸೀಫ ಗಲ್ಲಾ ತೆರೆದ, ಮುಚ್ಚಿದ,
"ಎಂಬತ್ತು ರೂಪಾಯಿ ಚಿಲ್ಲರೆ ಇಲ್ಲ ಅಕ್ಕಾ,
ಆಮೇಲೆ ಕೊಡ್ಲಾ?"

ಫಿಲೋಮಿನಾ ಏನೂ ಅನ್ನಲಿಲ್ಲ.
ಟಿಕೆಟ್ಟು ಮಗುಚಿ ಅವನ ಮುಂದಿಟ್ಟಳು,
ಅದರ ಮೇಲೆ
ತನ್ನ ಪೆನ್ನು.